ಬೀಟಿ ಹೋದ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಬಾಯಿ ಬಂದಿದೆ. ಮೂರನೇ ಮಹಡಿಯಲ್ಲಿ ಯಾರೋ ಪುಣ್ಯಾತ್ಮರು ಗೇಟನ್ನು ಪೂರ್ತಿ ಎಳೆಯದೆ ಹೋಗಿದ್ದರು. ಇವತ್ತು ಬೆಳಿಗ್ಗೆ ಅದು ಒಮ್ಮೆ ಹಿಂದಿಯಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ, ದಯವಿಟ್ಟು ಬಾಗಿಲು ಮುಚ್ಚಿ ಎಂದು ಗೋಗರೆಯುತ್ತಲೇ ಇತ್ತು. ನಾನು ಹಾಲಿಗೆಂದು ಮೆಟ್ಟಿಲಿಳಿದು ಹೋಗಿ, ಮೆಟ್ಟಿಲು ಹತ್ತಿ ಬಂದರೂ ಆ ಧ್ವನಿ ಸುಸ್ತಾಗಿರಲಿಲ್ಲ. ಸಿಡುಕುತ್ತಲೇ ಒಳಗೆ ಬಂದರೆ ನನ್ನ ಸೋದರಳಿಯ ಕಣ್ಣು ಕೆಂಪಗೆ ಮಾಡಿಕೊಂಡು ಸೋಫಾದ ಮೂಲೆಯಲ್ಲಿ ಕೂತಿದ್ದ.

“ಏನೋ, ನೆಗಡಿಯೇನೋ?”

“ಇಲ್ಲ ಮಾವ. ಬೀಟಿ ಹೋಗ್ಬಿಟ್ಟ.”

ಎದೆ ಧಸಕ್ಕೆಂದಿತು. “ಯಾರೋ ಅದು? ನಿನ್ನ ಕಾಲೇಜಿನವನಾ?”

“ರೋಬೋಟು ಮಾವ. ಗೇಮಲ್ಲಿ.”

ಗೇಮಿನ ಹೆಸರು ಟೈಟನ್‌ಫಾಲ್ 2. ಅಮೆರಿಕದ ರೆಸ್ಪಾನ್ ಎಂಬ ಸಂಸ್ಥೆ ಮಾಡಿದ್ದು, 2016ರ ಅಕ್ಟೋಬರಿನಲ್ಲಿ ಬಂದದ್ದು. ಯಂತ್ರಕ್ಕೆ ಜೀವವಿಲ್ಲ, ಅದಕ್ಕಾಗಿ ಅಳುವುದು ಹುಡುಗಾಟ ಎಂದೆಲ್ಲ ಇಲ್ಲಿ ಉಪದೇಶ ಬರೆಯಬಹುದು. ಎಲ್ಲರಿಗೂ ಗೊತ್ತಿರುವುದೇ ಆದ್ದರಿಂದ ಬಿಟ್ಟೆ. ಆಯುಧಪೂಜೆಯ ದಿನ ಸ್ಕೂಟರಿಗೆ ಕುಂಕುಮ ಇಡುವ ನಾವು ಯಾವ ಬಾಯಲ್ಲಿ ಹೇಳುವುದು ಎಂಬ ಎದುರುಮಾತನ್ನೂ ಬಿಟ್ಟೆ.

ಹುಡುಗ ಕಾಫಿ ಕುಡಿದು ಸುಧಾರಿಸಿಕೊಂಡ ಮೇಲೆ ನನಗೂ ಒಂದಿಷ್ಟು ಆಡಿ ತೋರಿಸಿದ. ಬೀಟಿ ಎಂದರೆ ಬೀಟಿ-7274, ಟೈಟನ್ ಎಂದು ಕರೆಯುವ, ಎರಡಂತಸ್ತಿನ ಮನೆಯೆತ್ತರದ ಯುದ್ಧಯಂತ್ರ. ಮುಖದಲ್ಲಿ ಇರುವುದು ಒಂದೇ ಕಣ್ಣು. ಅದರ ಒಡೆಯನಾಗಿದ್ದ ಕ್ಯಾಪ್ಟನ್ ಯುದ್ಧದಲ್ಲಿ ಸಾಯುತ್ತ ಅದನ್ನು ಜ್ಯಾಕ್ ಕೂಪರ್ ಎಂಬ ಸಾಮಾನ್ಯ ಸಿಪಾಯಿಗೆ ಒಪ್ಪಿಸಿ ಹೋಗುತ್ತಾನೆ. ಅದಕ್ಕಿರುವ ಕಟ್ಟಳೆ ಮೂರು: ಪೈಲಟ್ಟಿನ ಜೊತೆ ಬೆಸೆದುಕೊಳ್ಳಬೇಕು, ಕೊಟ್ಟ ಕೆಲಸ ಮುಗಿಸಬೇಕು, ಪೈಲಟ್ಟನ್ನು ಕಾಯಬೇಕು. ಒಂದು ಕಡೆ ದಾರಿ ಕಡಿದುಹೋಗಿದೆ, ಜಿಗಿದರೆ ಸಾಲದು. ಬೀಟಿ ಲೆಕ್ಕ ಹಾಕಿ, ನನ್ನನ್ನು ನಂಬು ಎಂದಷ್ಟೇ ಹೇಳಿ, ಬೌಂಡರಿಯಿಂದ ವಿಕೆಟ್ ಕೀಪರಿಗೆ ಚೆಂಡೆಸೆಯುವ ಹಾಗೆ ಕೂಪರನನ್ನು ಎಸೆದುಬಿಡುತ್ತದೆ. ಕೊನೆಯಲ್ಲಿ, ತಾನು ಉಳಿಯುವುದಿಲ್ಲವೆಂದು ಗೊತ್ತಾದಾಗ, ಮತ್ತೆ ಹಾಗೆಯೇ ಅವನನ್ನು ಹೊರಗೆಸೆದು ಉಳಿಸುತ್ತದೆ. ಅಳಿಯ ಅತ್ತದ್ದು ಅಲ್ಲಿ.

ನನಗೆ ವಿಚಿತ್ರವೆನಿಸಿದ್ದು ಇನ್ನೊಂದು. ಬೀಟಿ ಮಾತಾಡಿದಾಗ ಕೆಲವು ಕಡೆ ಪರದೆಯ ಮೇಲೆ ಎರಡು ಉತ್ತರ ಮೂಡುತ್ತವೆ. ಯಾವುದನ್ನು ಆರಿಸಿದರೂ ಕಥೆ ಕೂದಲೆಳೆಯಷ್ಟೂ ಬದಲಾಗದು. ಅದು ಅಳಿಯನಿಗೂ ಗೊತ್ತು. ಆದರೂ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಯೋಚಿಸುತ್ತಾನೆ. ಕೀಟಲೆಯ ಉತ್ತರ ಬಿಟ್ಟು ಮರ್ಯಾದೆಯ ಉತ್ತರ ಒತ್ತುತ್ತಾನೆ. “ಅವನಿಗೆ ಬೇಜಾರಾಗಬಾರದಲ್ಲ ಮಾವ” ಎನ್ನುತ್ತಾನೆ. ಮನೆಯಲ್ಲಿ ಅವರಮ್ಮನಿಗೆ ಇವನು ಕೊಡುವ ಉತ್ತರಗಳನ್ನು ನಾನು ಬಲ್ಲೆ.

ಇಷ್ಟು ಮರ್ಯಾದೆಯನ್ನು ಆ ಯಂತ್ರ ಸಂಪಾದಿಸಿದ್ದು ಹೇಗೆ? ಕಡಿಮೆ ಮಾತಾಡಿ. ಯಂತ್ರಗಳ ಮಾತನ್ನು ಬೈಯುವುದು ನನ್ನ ಹಳೇ ಹುಚ್ಚು, ಅವಕಾಶ ಸಿಕ್ಕಿದಾಗ ಬಿಡುವವನಲ್ಲ. ಈಗಿನ ಯಂತ್ರಗಳಿಗೆ ಬಾಯಿ ಜಾಸ್ತಿ. ಬಟ್ಟೆ ಒಗೆಯುವ ಮೆಷಿನ್ನು ಒಗೆದದ್ದಕ್ಕೆ ಹಾಡು ಹೇಳಿಕೊಳ್ಳುತ್ತದೆ. ಕಾರು ಹಿಂದಕ್ಕೆ ಹೋಗುವಾಗ ಇಡೀ ಬೀದಿಗೆ ಸಿನಿಮಾ ಟ್ಯೂನು ಕೇಳಿಸುತ್ತದೆ. ಫೋನಿನಲ್ಲಿ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಇಪ್ಪತ್ತು ನಿಮಿಷ ಹೇಳಿಸಿ ಆಮೇಲೆ ಕತ್ತರಿಸುತ್ತಾರೆ. ಹೊಸದಾಗಿ ಬಂದಿರುವ ಕೃತಕ ಬುದ್ಧಿಯಂತೂ ಅಕ್ಕಿರೊಟ್ಟಿ ತಟ್ಟುವಾಗ ಹರಿಯುವುದೇಕೆ ಎಂದು ಕೇಳಿದರೆ ಮೊದಲು “ಅದ್ಭುತವಾದ ಪ್ರಶ್ನೆ” ಎಂದು ಬೆನ್ನು ತಟ್ಟುತ್ತದೆ. ಇವುಗಳಲ್ಲಿ ಯಾವುದು ಕೆಟ್ಟು ಕೂತರೂ ನನ್ನ ಕಣ್ಣಲ್ಲಿ ನೀರು ಬರುವುದಿಲ್ಲ. ರಿಪೇರಿಯವನ ನಂಬರು ನೆನಪಾಗುತ್ತದೆ. ಬೀಟಿಗೆ ಬೆಣ್ಣೆ ಹಚ್ಚುವುದು ಗೊತ್ತಿಲ್ಲ, ತಮಾಷೆ ಅರ್ಥವಾಗುವುದಿಲ್ಲ. ಕೂಪರ್ ನಗೆಯಾಡಿದರೆ ಅದನ್ನು ನಿಜವೆಂದೇ ಹಿಡಿದು ಗಂಭೀರವಾಗಿ ಉತ್ತರಿಸುತ್ತದೆ. ಆ ಪೆದ್ದುತನವೇ ಹುಡುಗರನ್ನು ಕೆಡವಿದ್ದು.

ಒಂದೇ ಒಂದು ಮಾತನ್ನೂ ಆಡದಿದ್ದರಂತೂ ಕೇಳುವುದೇ ಬೇಡ. 2007ರಲ್ಲಿ ಬಂದ ಪೋರ್ಟಲ್ ಎಂಬ ಆಟದಲ್ಲಿ ಒಂದು ಪೆಟ್ಟಿಗೆಯಿದೆ. ಮೈಮೇಲೆ ಹೃದಯದ ಚಿತ್ರ, ಅಷ್ಟೇ. ಗ್ಲಾಡೋಸ್ ಎಂಬ ಕುಹಕಿ ಯಂತ್ರ ಆ ಪೆಟ್ಟಿಗೆಗೆ ಮಾತು ಬರುವುದಿಲ್ಲವೆಂದು ಮೊದಲೇ ಎಚ್ಚರಿಸಿ, ಒಂದು ಕೋಣೆ ಪೂರ್ತಿ ಅದನ್ನು ಹೊರಿಸಿ, ಕೊನೆಗೆ ಬೆಂಕಿಗೆ ಹಾಕಿಸುತ್ತದೆ. ಹಾಕಿದ ಮೇಲೆ, ಇಷ್ಟು ಬೇಗ ಕೊಂದವರು ಬೇರೆ ಯಾರೂ ಇಲ್ಲವೆಂದು ಚುಚ್ಚುವುದು ಬೇರೆ! ಬರೀ ಪೆಟ್ಟಿಗೆಗೆ ಜನ ಇವತ್ತಿಗೂ ಮರುಗುತ್ತಾರೆ.

“ಅದು ಸರಿ, ರಾತ್ರಿಯೆಲ್ಲ ಎಷ್ಟು ಜನ ಸೈನಿಕರನ್ನು ಹೊಡೆದೆಯೋ?” ಎಂದು ಕೇಳಿದೆ.

“ಯಾರು ಲೆಕ್ಕ ಇಡ್ತಾರೆ ಮಾವ!”

ಆ ಉತ್ತರಕ್ಕೆ ನನಗೆ ರನ್ನ ನೆನಪಾದ. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ರಣಭೂಮಿಯಲ್ಲಿ ನಡೆದು ಬರುತ್ತಾನೆ. ಕಾಲಿಟ್ಟಲ್ಲೆಲ್ಲ ಹೆಣ, ಅವುಗಳಿಗೆಲ್ಲ ಹೆಸರಿಲ್ಲ. ದ್ರೋಣನ ಬಳಿ ನಿಲ್ಲುತ್ತಾನೆ, ಮಗನ ಬಳಿ, ದುಶ್ಶಾಸನನ ಬಳಿ ನಿಲ್ಲುತ್ತಾನೆ. ಕರ್ಣನ ಬಳಿ ಬಂದಾಗ ಅವನ ದುಃಖ ಹೇಳತೀರದು. ನಮ್ಮ ಹಳಗನ್ನಡದ ಮೇಷ್ಟ್ರು ದ್ರೌಪದಿಯ ವಸ್ತ್ರಾಪಹರಣದ ಪಾಠ ಮಾಡುವಾಗ ದುರ್ಯೋಧನನನ್ನು ವಾಚಾಮಗೋಚರ ಬೈದಿದ್ದವರು. ಈ ಭಾಗಕ್ಕೆ ಬಂದಾಗ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಳ್ಳುತ್ತ ನಿಂತುಬಿಟ್ಟರು. ಕೊನೆಯ ಬೆಂಚಿನವರೂ ಅಂದು ಕೆಮ್ಮಲಿಲ್ಲ. ಆಗ ಲೆಕ್ಕಕ್ಕೆ ಬಾರದ ಆ ಹೆಣಗಳ ಬಗ್ಗೆ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆದರೆ ರನ್ನ ಗಟ್ಟಿಗ. ತೊಡೆ ಮುರಿದು ಬಿದ್ದವನನ್ನು ಓದುಗರ ಸಮಾಧಾನಕ್ಕೆಂದು ಎಬ್ಬಿಸಿ ಕೂರಿಸಲಿಲ್ಲ. ಈ ಗೇಮಿನವರಿಗೆ ಆ ಧೈರ್ಯ ಸಾಲದು. ಗೇಮು ಮಾಡಿದವರ ಹೆಸರುಗಳೆಲ್ಲ ಪರದೆಯ ಮೇಲೆ ಓಡಿ ಮುಗಿದ ಮೇಲೆ ಕೂಪರನ ಹೆಲ್ಮೆಟ್ಟು ಕಾಣುತ್ತದೆ, ಅದರೊಳಗಿನ ಬೆಳಕು ಮಿಣುಕುತ್ತದೆ. ಆ ಮಿಣುಕನ್ನು ಕಂಪ್ಯೂಟರಿನ ಸೊನ್ನೆ-ಒಂದರ ಲಿಪಿಯಲ್ಲಿ ಓದಿದರೆ “ಜ್ಯಾಕ್?” ಎಂದಾಗುತ್ತದಂತೆ, ಆಡಿದವರೇ ಬಿಡಿಸಿ ಓದಿದ್ದಾರೆ. ಮುಂದಿನ ಭಾಗಕ್ಕಾಗಿ ಅಲ್ಲಿಂದ ಶುರುವಾದ ಕಾಯುವಿಕೆ ಇನ್ನೂ ಮುಗಿದಿಲ್ಲ. ಎರಡು ದೊಡ್ಡ ಯುದ್ಧದಾಟಗಳ ನಡುವೆ ಸಿಕ್ಕಿಕೊಂಡು ಈ ಗೇಮು ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. 2019ರಲ್ಲಿ ಅದೇ ಲೋಕದಲ್ಲಿ ನಡೆಯುವ ಏಪೆಕ್ಸ್ ಲೆಜೆಂಡ್ಸ್ ಬಂತು. ಅದರಲ್ಲಿ ಟೈಟನ್ ಓಡಿಸುವ ಹಾಗಿಲ್ಲ. ಟೈಟನ್‌ಫಾಲ್ 3 ಬಂದಿಲ್ಲ. ಬಾರದಿದ್ದರೇ ಬೀಟಿಗೆ ಮರ್ಯಾದೆ ಎಂಬುದು ನನ್ನ ತೀರ್ಮಾನ. ಅಳಿಯನ ಮುಂದೆ ಮಾತ್ರ ಇದನ್ನು ಯಾರೂ ಹೇಳಬೇಡಿ.