ಆಗಸ್ಟಿನ ವರ್ಷಫಲ

ಬರಲಿರುವುದನ್ನು ಮುಂಚಿತವಾಗಿ ಅರಿಯಬೇಕೆಂಬ ಹಂಬಲ ಎಲ್ಲ ದೇಶಗಳ ಮನುಷ್ಯರಲ್ಲಿಯೂ ಒಂದೇ ತೆರನಾದುದು. ಕನ್ನಡನಾಡಿನ ಹಳ್ಳಿಗಳಲ್ಲಿ ಯುಗಾದಿಯಂದು ಪಂಚಾಂಗವನ್ನು ಬಿಚ್ಚಿ ಮಳೆಬೆಳೆಗಳ ಫಲವನ್ನು ಕೇಳುವಂತೆ, ಅಮೆರಿಕದಲ್ಲಿ ಆಗಸ್ಟ್ ತಿಂಗಳು ಬಂದಿತೆಂದರೆ ಫುಟ್‌ಬಾಲ್ ತಂಡಗಳ ವರ್ಷಫಲವನ್ನು ಬರೆಯುವ ಕಾಲ. ಅಲ್ಲಿಯ ಫುಟ್‌ಬಾಲ್ ಕಾಲಿನಿಂದ ಒದೆಯುವುದೇ ಮುಖ್ಯವಾದ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಇಲ್ಲವೇ ಗುರಿಯಿಟ್ಟು ಎಸೆದು, ನೂರು ಗಜದ ಬಯಲನ್ನು ದಾಟುವ ಆಟ. ಪ್ರತಿ ಬಾರಿಯೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ. ಆತನಿಲ್ಲದ ತಂಡವು ಸಾರಥಿಯಿಲ್ಲದ ರಥ.

1999ರಲ್ಲಿ ಆ ದೇಶದ ವೃತ್ತಿಪರ ಲೀಗಿನಲ್ಲಿ 31 ತಂಡಗಳಿದ್ದವು. ಅವು ಆರು ವಿಭಾಗಗಳಾಗಿ ಹಂಚಿಹೋಗಿದ್ದವು. ಒಂದು ವಿಭಾಗದವರು ಪರಸ್ಪರ ಎರಡೆರಡು ಬಾರಿ ಸೆಣಸುವುದರಿಂದ ಭವಿಷ್ಯ ನುಡಿಯುವವರೂ ವಿಭಾಗವಾರಾಗಿಯೇ ಬರೆಯುತ್ತಾರೆ. ನ್ಯಾಷನಲ್ ಕಾನ್ಫರೆನ್ಸಿನ ಪಶ್ಚಿಮ ವಿಭಾಗದಲ್ಲಿ ಆಗ ಇದ್ದವು ಐದು: ಅಟ್ಲಾಂಟಾ ಫಾಲ್ಕನ್ಸ್, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್, ನ್ಯೂ ಆರ್ಲಿಯನ್ಸ್ ಸೇಂಟ್ಸ್, ಕ್ಯಾರೊಲಿನಾ ಪ್ಯಾಂಥರ್ಸ್ ಮತ್ತು ಸೇಂಟ್ ಲೂಯಿಸ್ ರ‍್ಯಾಮ್ಸ್. ಇವುಗಳಲ್ಲಿ ನಿಜವಾಗಿ ಪಶ್ಚಿಮ ತೀರದಲ್ಲಿದ್ದುದು ಒಂದೇ. ಭೂಗೋಳದ ಮೇಷ್ಟ್ರು ಯಾರೂ ಒಪ್ಪಲಾರದ ಈ ವಿಂಗಡಣೆಯನ್ನು 2002ರಲ್ಲಿ ಸರಿಪಡಿಸಲಾಯಿತು.

ಆ ಆಗಸ್ಟಿನಲ್ಲಿ ಪಂಡಿತರ ಮುಂದಿದ್ದ ಲೆಕ್ಕ ಸರಳವಾಗಿತ್ತು. ಹಿಂದಿನ ವರ್ಷ ಅಟ್ಲಾಂಟಾ 14 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತು ಸೂಪರ್ ಬೌಲಿನವರೆಗೂ ಹೋಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ 12 ಗೆದ್ದಿತ್ತು. ರ‍್ಯಾಮ್ಸ್ ಗೆದ್ದುದು ನಾಲ್ಕು, ಸೋತುದು 12. ಅಷ್ಟೇ ಅಲ್ಲ, ಸತತವಾಗಿ ಒಂಬತ್ತು ವರ್ಷ ಆ ತಂಡವು ಗೆದ್ದುದಕ್ಕಿಂತ ಹೆಚ್ಚು ಸೋತಿತ್ತು. 14 ವರ್ಷಗಳ ವಿರಾಮದ ಅನಂತರ ಮರಳಿ ಬಂದಿದ್ದ ತರಬೇತುದಾರ ಡಿಕ್ ವರ್ಮೀಲನ ಕಾಲ ಕಳೆಯಿತೆಂದು ಆಡಿಕೊಳ್ಳುವವರಿದ್ದರು. ಇಂತಹ ತಂಡವನ್ನು ಪಟ್ಟಿಯ ತಳಕ್ಕೆ ತಳ್ಳಿದವರನ್ನು ಮೂರ್ಖರೆನ್ನಲಾಗದು. ಕಣ್ಣಿಗೆ ಕಂಡುದನ್ನು ಅವರು ಪ್ರಾಮಾಣಿಕವಾಗಿ ಕೂಡಿಸಿ ಕಳೆದಿದ್ದರು.

ಆದರೂ ಒಂದಿಷ್ಟು ಆಸೆಗೆ ಕಾರಣವಿತ್ತು. ಇಂಡಿಯಾನಾಪೊಲಿಸಿನಿಂದ ಮಾರ್ಷಲ್ ಫಾಕ್ ಎಂಬ ಚತುರ ಓಟಗಾರ ಬಂದಿದ್ದನು. ಟ್ರೆಂಟ್ ಗ್ರೀನ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್ ಬಂದಿದ್ದನು. ಆಗಸ್ಟ್ 28ರಂದು, ಲೆಕ್ಕಕ್ಕೇ ಇಲ್ಲದ ಒಂದು ಪೂರ್ವಭಾವಿ ಪಂದ್ಯದಲ್ಲಿ, ಗ್ರೀನನ ಮೊಣಕಾಲು ಪೆಟ್ಟುತಿಂದು ಆ ವರ್ಷಕ್ಕೆ ಅವನ ಆಟ ಮುಗಿಯಿತು. ವರ್ಮೀಲನು ಪತ್ರಕರ್ತರ ಎದುರಿನಲ್ಲಿಯೇ ಕಣ್ಣೀರಿಟ್ಟನು. ಇನ್ನು ಕರ್ಟ್ ವಾರ್ನರನ ಬೆಂಬಲಕ್ಕೆ ನಿಂತು ಚೆನ್ನಾಗಿಯೇ ಆಡುವೆವೆಂದೂ ಹೇಳಿದನು. ಆ ಹೆಸರನ್ನು ಕೇಳಿದವರೇ ವಿರಳ.

ವಾರ್ನರನಿಗೆ ಆಗ 28 ವರ್ಷ. ಉತ್ತರ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಕೊನೆಯ ವರ್ಷದವರೆಗೂ ಆತನಿಗೆ ಮುಖ್ಯ ಸ್ಥಾನ ದೊರೆತಿರಲಿಲ್ಲ. 1994ರಲ್ಲಿ ಗ್ರೀನ್ ಬೇ ತಂಡವು ಶಿಬಿರಕ್ಕೆ ಕರೆದು, ಪರೀಕ್ಷಿಸಿ, ಮನೆಗೆ ಕಳುಹಿಸಿತು. ಅನಂತರ ಸೀಡರ್ ಫಾಲ್ಸ್ ಎಂಬ ಊರಿನ ದಿನಸಿ ಅಂಗಡಿಯೊಂದರಲ್ಲಿ, ಗಂಟೆಗೆ ಐದೂವರೆ ಡಾಲರಿನಂತೆ, ರಾತ್ರಿಯ ಹೊತ್ತು ಕಪಾಟುಗಳಿಗೆ ಸಾಮಾನು ಜೋಡಿಸುವ ಕಾಯಕ. ಹಗಲು ಚೆಂಡಿನ ಅಭ್ಯಾಸ. ಮೂರು ವರ್ಷ ಛಾವಣಿಯ ಕೆಳಗೆ ಆಡುವ ಐವತ್ತು ಗಜದ ಪುಟ್ಟ ಅಂಗಣದ ಲೀಗಿನಲ್ಲಿ ಆಡಿದನು. 1998ರಲ್ಲಿ ಯೂರೋಪಿಗೆ ಹೋಗಿ ಆಮ್‌ಸ್ಟರ್‌ಡ್ಯಾಮಿನ ತಂಡಕ್ಕೆ ಆಡಿದನು. ರ‍್ಯಾಮ್ಸ್ ತಂಡದವರಾದರೂ ಅವನನ್ನು ಬಲ್ಲವರಾಗಿದ್ದರೇ ಎಂದರೆ ಅದೂ ಇಲ್ಲ. 1999ರ ಆರಂಭದಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹೊಸದಾಗಿ ತಂಡ ಕಟ್ಟುತ್ತಿದ್ದಾಗ, ಇತರ ತಂಡಗಳು ತಮಗೆ ಬಿಟ್ಟುಕೊಡಬಹುದಾದವರ ಹೆಸರುಗಳನ್ನು ಒಪ್ಪಿಸಬೇಕಾಗಿತ್ತು. ರ‍್ಯಾಮ್ಸ್ ವಾರ್ನರನ ಹೆಸರನ್ನು ಒಪ್ಪಿಸಿತು. ಕ್ಲೀವ್‌ಲ್ಯಾಂಡಿಗೂ ಆತ ಬೇಕೆನಿಸಲಿಲ್ಲ.

ಆತನು ಮೊದಲ ಪಂದ್ಯದಲ್ಲಿ ಬಾಲ್ಟಿಮೋರನ್ನು ಸೋಲಿಸಿದಾಗ ಅದೃಷ್ಟವೆಂದರು. ಅಕ್ಟೋಬರ್ 10ರಂದು ಸ್ಯಾನ್ ಫ್ರಾನ್ಸಿಸ್ಕೊ ಎದುರಾಯಿತು. ರ‍್ಯಾಮ್ಸ್ ಆ ತಂಡಕ್ಕೆ ಸತತ 17 ಬಾರಿ ಸೋತಿತ್ತು. ವಾರ್ನರನು ಅಂದು ಐದು ಟಚ್‌ಡೌನುಗಳಿಗೆ ಚೆಂಡೆಸೆದನು, 42ಕ್ಕೆ 20. ಆಮೇಲೆ ಯಾರೂ ಅದೃಷ್ಟದ ಮಾತೆತ್ತಲಿಲ್ಲ.

ಅತ್ತ ಪಟ್ಟಿಯ ಮೇಲಿದ್ದವರ ಕಥೆ ಬೇರೆಯಾಯಿತು. ಅಟ್ಲಾಂಟಾದ ಜಮಾಲ್ ಆಂಡರ್ಸನ್ ಎರಡನೆಯ ಪಂದ್ಯದಲ್ಲಿ ಮೊಣಕಾಲು ಕಳೆದುಕೊಂಡನು. ತಂಡ ಐದನ್ನಷ್ಟೇ ಗೆದ್ದಿತು. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೀವ್ ಯಂಗ್ ಮೂರನೆಯ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಬಿದ್ದವನು ಮತ್ತೆಂದೂ ಆಡಲಿಲ್ಲ. ಆ ತಂಡದ ಗೆಲುವು ನಾಲ್ಕು. ನ್ಯೂ ಆರ್ಲಿಯನ್ಸ್ ಅಂತೂ ರಿಕಿ ವಿಲಿಯಮ್ಸ್ ಎಂಬ ಒಬ್ಬ ತರುಣನಿಗಾಗಿ ಆ ವರ್ಷದ ಆಯ್ಕೆಯ ಸರದಿಗಳನ್ನೆಲ್ಲ ಮಾರಿಕೊಂಡು, ಮೂರೇ ಪಂದ್ಯಗಳನ್ನು ಗೆದ್ದಿತು. ರ‍್ಯಾಮ್ಸ್ 13 ಗೆದ್ದಿತು. 2000ದ ಜನವರಿ 30ರಂದು, ಭವಿಷ್ಯಕಾರರ ಮೆಚ್ಚಿನ ಅಟ್ಲಾಂಟಾ ನಗರದಲ್ಲಿಯೇ, ಅದು ಟೆನೆಸ್ಸಿಯನ್ನು 23-16ರಿಂದ ಸೋಲಿಸಿ ಸೂಪರ್ ಬೌಲ್ ಪಡೆಯಿತು. ಕೊನೆಯ ಕ್ಷಣದಲ್ಲಿ ಟೆನೆಸ್ಸಿಯ ಕೆವಿನ್ ಡೈಸನ್ ಚೆಂಡನ್ನು ಚಾಚಿ ನೆಲಕ್ಕೊರಗಿದಾಗ ಗೆರೆ ಇನ್ನೊಂದೇ ಗಜ ದೂರವಿತ್ತು. ರ‍್ಯಾಮ್ಸಿನ ಮೈಕ್ ಜೋನ್ಸ್ ಅವನ ಕಾಲುಗಳನ್ನು ಬಿಗಿಯಾಗಿ ಹಿಡಿದಿದ್ದನು. ಆ ಒಂದು ಗಜವನ್ನು ಯಾವ ಪತ್ರಿಕೆಯ ಆಗಸ್ಟ್ ಸಂಚಿಕೆ ಅಳೆಯಬಲ್ಲುದು?

ಲೀಗಿನ ನಿಯಮಗಳೂ ಮೇಲಿದ್ದವರನ್ನು ಮೇಲೆಯೇ ಇರಗೊಡುವುದಿಲ್ಲವೆಂಬುದನ್ನು ಮರೆಯಬಾರದು. ಕಾಲೇಜಿನಿಂದ ಬರುವ ಹೊಸಬರನ್ನು ಮೊದಲು ಆರಿಸುವ ಹಕ್ಕು ಕೊನೆಯ ಸ್ಥಾನದವರದು. 1994ರಿಂದ ಪ್ರತಿ ತಂಡವು ಸಂಬಳಕ್ಕೆ ವೆಚ್ಚ ಮಾಡುವ ಹಣಕ್ಕೆ ಮಿತಿಯಿದೆ. ಹಿಂದುಳಿದವರಿಗೆ ಮರುವರ್ಷದ ಎದುರಾಳಿಗಳಲ್ಲಿ ಕೆಲವರು ಹಗುರವಾದವರು. ಇವನ್ನು ಪಂಡಿತರು ಬಲ್ಲರು, ಎಣಿಸುತ್ತಾರೆ. ಎಣಿಸದೆ ಬಿಡುವುದು ಬೆಂಚಿನ ಮೇಲೆ ಕುಳಿತವನನ್ನು. ಬಿದ್ದವನ ಜಾಗಕ್ಕೆ ಬರುವವನು ಸೊನ್ನೆಯೆಂದೇ ಅವರ ಗಣಿತ.

2000ದ ಆಗಸ್ಟಿನಲ್ಲಿ ರ‍್ಯಾಮ್ಸ್ ಹೆಸರನ್ನು ಪಟ್ಟಿಯ ಮೇಲೆ ಬರೆಯಲು ಹೆಚ್ಚಿನವರಾರೂ ಹಿಂಜರಿಯಲಿಲ್ಲ. ನಡುವೆ ವಾರ್ನರನ ಬೆರಳು ಮುರಿಯಿತು. ಹಿಂದಿನ ವರ್ಷ ಮೊಣಕಾಲು ಕಳೆದುಕೊಂಡಿದ್ದ ಗ್ರೀನನೇ ಕೆಲವು ಪಂದ್ಯಗಳಿಗೆ ಅವನ ಸ್ಥಾನದಲ್ಲಿ ನಿಂತನು. ವಿಭಾಗವನ್ನು ಗೆದ್ದುದು ಹಿಂದಿನ ವರ್ಷ ತಳದಲ್ಲಿದ್ದ ನ್ಯೂ ಆರ್ಲಿಯನ್ಸ್. ಡಿಸೆಂಬರ್ 30ರಂದು ನಾಕೌಟ್ ಪಂದ್ಯದಲ್ಲಿ ಇವೆರಡೂ ಎದುರುಬದುರಾದವು. ಸೇಂಟ್ಸ್ ತಂಡಕ್ಕಾಗಿ ನಾಲ್ಕು ಟಚ್‌ಡೌನುಗಳಿಗೆ ಚೆಂಡೆಸೆದವನು ಆರನ್ ಬ್ರೂಕ್ಸ್. ಜೆಫ್ ಬ್ಲೇಕನ ಪಾದ ಮುರಿದ ಮೇಲೆ ಬೆಂಚಿನಿಂದ ಎದ್ದು ಬಂದವನು. 31-28ರಲ್ಲಿದ್ದಾಗ, ಇನ್ನೆರಡು ನಿಮಿಷವೂ ಉಳಿದಿರದ ಹೊತ್ತಿನಲ್ಲಿ, ಸೇಂಟ್ಸ್ ಒದ್ದ ಚೆಂಡು ರ‍್ಯಾಮ್ಸ್ ಆಟಗಾರನ ಕೈಜಾರಿತು. ಸೇಂಟ್ಸ್ ಆಟಗಾರನೊಬ್ಬನು ಅದರ ಮೇಲೆ ಬಿದ್ದನು. 1967ರಿಂದ ಆಡುತ್ತಿದ್ದ ಆ ತಂಡಕ್ಕೆ ನಾಕೌಟಿನಲ್ಲಿ ಅದೇ ಮೊದಲ ಗೆಲುವು.