ಶೇಷಾದ್ರಿಪುರದ ಜಗಲಿಯಲ್ಲಿ ಅಂಡರ್‌ಟೇಕರ್

ಶನಿವಾರ ಮಧ್ಯಾಹ್ನ ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದ ಕೂಡಲೇ ನನ್ನ ಮಗನ ಮೊದಲ ಪ್ರಶ್ನೆ: "ಅಮ್ಮ, ಅಜ್ಜಿ ನನ್ನನ್ನ ಬಿಟ್ಟು ಶುರು ಮಾಡಿಬಿಟ್ಟಿರ್ತಾರಾ?"

ಅಜ್ಜಿ ಎಂದರೆ ನನ್ನ ಸೋದರತ್ತೆ. ಎಂಬತ್ತು ದಾಟಿದೆ. ಶೇಷಾದ್ರಿಪುರದ ನಮ್ಮ ಹಳೆಯ ಮನೆಯಲ್ಲಿ ಈಗಲೂ ಅವರೇ ಇದ್ದಾರೆ. ಇನ್ನು ಶುರು ಮಾಡುವುದು ಎಂದರೆ ಪೂಜೆಯೂ ಅಲ್ಲ, ಧಾರಾವಾಹಿಯೂ ಅಲ್ಲ. ಅಮೆರಿಕದ ಕುಸ್ತಿ! ಅಲ್ಲಿ ಶುಕ್ರವಾರ ರಾತ್ರಿ ಎಂಟಕ್ಕೆ ಆರಂಭವಾಗುವ 'ಸ್ಮ್ಯಾಕ್‌ಡೌನ್' ನಮಗೆ ಶನಿವಾರ ಬೆಳಗಿನ ಜಾವ ಐದೂವರೆಗೆ ಬರುತ್ತದೆ, ಅವರ ಚಳಿಗಾಲದಲ್ಲಾದರೆ ಆರೂವರೆಗೆ. ಬೆಳಿಗ್ಗೆ ಮಗನಿಗೆ ಶಾಲೆ. ಅತ್ತೆಗೆ ಸ್ನಾನ, ಪೂಜೆ. ಆದ್ದರಿಂದ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಊಟವಾದ ಮೇಲೆ ಒಟ್ಟಿಗೆ ನೋಡಬೇಕು, ಅಲ್ಲಿಯವರೆಗೆ ಯಾರು ಗೆದ್ದರೆಂದು ಯಾರೂ ಯಾರಿಗೂ ಹೇಳಬಾರದು.

ನಿಲ್ದಾಣದಿಂದ ಮನೆಗೆ ನಡೆದೇ ಹೋಗುತ್ತೇವೆ. ಪಕ್ಕದಲ್ಲೇ ದೊಡ್ಡ ಮಾಲ್. ಆ ಜಾಗವನ್ನು ಅತ್ತೆ ಇವತ್ತಿಗೂ "ರಾಜಾ ಮಿಲ್ ಹತ್ರ" ಎನ್ನುತ್ತಾರೆ. ಮುಂದೆ ಸ್ವಸ್ತಿಕ್ ಸರ್ಕಲ್. ಆ ಹೆಸರಿನ ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಆಟೋದವರ ಬಾಯಲ್ಲಿ ಉಳಿದಿದೆ. ಶೇಷಾದ್ರಿಪುರಂ ಶಾಲೆಯ ಕಡೆ ತಿರುಗಿದರೆ ಮಕ್ಕಳ ಗಲಾಟೆ. 1930ರಲ್ಲಿ ಇಬ್ಬರು ಹೆಣ್ಣುಮಕ್ಕಳು ಪುಟ್ಟದಾಗಿ ಶುರುಮಾಡಿದ ಶಾಲೆ ಅದು. ಈಗ ಕಾಲೇಜುಗಳವರೆಗೆ ಬೆಳೆದಿದೆ.

"ಶೇಷಾದ್ರಿ ಅಂದ್ರೆ ಯಾರಮ್ಮ, ಪೈಲ್ವಾನಾ?" ಎಂದು ಮಗ ಒಮ್ಮೆ ಕೇಳಿದ್ದ.

ಪೈಲ್ವಾನರಲ್ಲ, ದಿವಾನರು. ಕೆ. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಹೆಸರಘಟ್ಟದ ನೀರು ಬೆಂಗಳೂರಿನ ಕೊಳಾಯಿಗಳಿಗೆ ಬಂದದ್ದು ಅವರ ಕಾಲದಲ್ಲಿ. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈಹಾಕಿದವರೂ ಅವರೇ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲೂ ದೀಪ ಹತ್ತಿತು. ಅದನ್ನು ಕಣ್ಣಾರೆ ನೋಡಲು ದಿವಾನರು ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಕರೆಂಟಿನ ಮಾತು ಸುಮ್ಮನೆ ತೆಗೆಯಲಿಲ್ಲ. ನಮ್ಮ ಕುಸ್ತಿಯ ಕಥೆಯಲ್ಲಿ ಅದಕ್ಕೂ ಒಂದು ಪಾತ್ರವಿದೆ.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಬೀದಿಯ ಮಹಡಿಗಳ ಮೇಲೆ ಕೇಬಲ್ಲಿನ ಕಪ್ಪು ತಂತಿ ಹರಿದಾಡತೊಡಗಿತು. ನಮ್ಮ ಮನೆಗೂ ಒಂದು ಎಳೆ ಬಂತು. ಆಗ ಅದರ ಹೆಸರು ಡಬ್ಲ್ಯುಡಬ್ಲ್ಯುಎಫ್. 2002ರಲ್ಲಿ ಡಬ್ಲ್ಯುಡಬ್ಲ್ಯುಇ ಆಯಿತು. ವಾರಕ್ಕೊಮ್ಮೆ ಆ ಹೊತ್ತಿಗೆ ವಠಾರದ ಮಕ್ಕಳೆಲ್ಲ ನಮ್ಮ ನಡುಮನೆಯಲ್ಲಿ. ಕುರ್ಚಿ ತಾತನಿಗೆ, ಚಾಪೆ ನಮಗೆ. ನನಗೆ ಹತ್ತು ವರ್ಷ, ತಮ್ಮನಿಗೆ ಏಳು.

ಒಂದು ಸಂಜೆ ಅಂಡರ್‌ಟೇಕರ್ ಬಂದ. ಕಪ್ಪು ಟೋಪಿ, ಕಪ್ಪು ಕೋಟು. ಮುಂದೆ ಮುಂದೆ ಕಲಶದಂಥ ಪಾತ್ರೆ ಹಿಡಿದ ಮ್ಯಾನೇಜರ್. ಕ್ರೀಡಾಂಗಣದ ದೀಪಗಳು ಆರುತ್ತಿದ್ದಂತೆಯೇ ನಮ್ಮ ಟಿವಿಯೂ ಆರಿತು, ನಡುಮನೆಯ ಬಲ್ಬೂ ಆರಿತು, ಇಡೀ ಬೀದಿಯೇ ಕತ್ತಲಾಯಿತು. ಕರೆಂಟು ಹೋಗಿತ್ತು. ನಾವು ನಂಬಿದ್ದು ಬೇರೆ! ತಮ್ಮ ತಾತನ ಪಂಚೆಯೊಳಗೆ ಮುಖ ಹುದುಗಿಸಿ ಕಿರುಚಿದ. ಹಿತ್ತಲಿಂದ ಅತ್ತೆ ಕೂಗಿದರು: "ಯಾವ ಟೇಕರ್ರೂ ಅಲ್ಲ ಕಣ್ರೋ, ಕೆಇಬಿಯವರು!"

ಟಿವಿ ಇಲ್ಲದ ದಿನಗಳಲ್ಲಿ ಟ್ರಂಪ್ ಕಾರ್ಡ್ ಆಟ. ಒಂದೊಂದು ಕಾರ್ಡಿನಲ್ಲೂ ಒಬ್ಬ ಕುಸ್ತಿಪಟುವಿನ ಚಿತ್ರ. ಅವನ ಎತ್ತರ, ತೂಕ, ಎದೆಯ ಸುತ್ತಳತೆ, ಆಡಿದ ಪಂದ್ಯ, ಗೆದ್ದ ಪಂದ್ಯ. ಮಗ್ಗಿ ಬಾಯಿಗೆ ಬರದವರಿಗೂ ಯೋಕೋಝುನನ ತೂಕ ಬಾಯಿಪಾಠ. ಅವನು ಜಪಾನಿನ ಸುಮೋ ಪಟು ಎಂದು ಟಿವಿಯಲ್ಲಿ ಹೇಳುತ್ತಿದ್ದರು, ನಾವೂ ನಂಬಿದ್ದೆವು. ಅವನು ಜಪಾನಿನವನೇ ಅಲ್ಲ, ಸಮೋವಾ ಮೂಲದ ಅಮೆರಿಕದವನು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇವತ್ತು ನನ್ನ ಮಗ ಎದ್ದು ನಿಂತು ಕೈ ಎತ್ತುವ ರೋಮನ್ ರೇನ್ಸ್ ಅದೇ ಮನೆತನದವನು, ಯೋಕೋಝುನನಿಗೆ ಸೋದರಸಂಬಂಧಿ. ಅಮ್ಮನಿಗೂ ಮಗನಿಗೂ ಒಂದೇ ಮನೆತನದ ನಂಟು ಹೀಗೆ ಸಿಕ್ಕಿತು.

ನನ್ನ ಮೆಚ್ಚಿನವನು ಬ್ರೆಟ್ ಹಾರ್ಟ್. ಗುಲಾಬಿ, ಕಪ್ಪು ಬಣ್ಣದ ಉಡುಪು. ಪಂದ್ಯಕ್ಕೆ ಮೊದಲು ತನ್ನ ಕನ್ನಡಕ ತೆಗೆದು ರಿಂಗಿನ ಪಕ್ಕ ಕುಳಿತ ಮಗುವೊಂದಕ್ಕೆ ಕೊಡುತ್ತಿದ್ದ. ಆ ಮಗು ನಾನೇ ಆಗಬಾರದಿತ್ತೇ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ! ಅವನ ತಮ್ಮ ಓವನ್ ಹಾರ್ಟ್. ಕಥೆಯಲ್ಲಿ ಅಣ್ಣನ ಮೇಲೆ ತಮ್ಮನಿಗೆ ಹೊಟ್ಟೆಕಿಚ್ಚು. 1994ರ ಮಾರ್ಚ್ 20ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಣ್ಣ ತಮ್ಮ ಎದುರುಬದುರಾದರು, ತಮ್ಮನೇ ಗೆದ್ದ. ಅದೇ ರಾತ್ರಿ ಅಣ್ಣ ಯೋಕೋಝುನನನ್ನು ಸೋಲಿಸಿ ಚಾಂಪಿಯನ್ ಆದ.

ಆ ಬೇಸಿಗೆ ರಜೆಯಲ್ಲಿ ನಮ್ಮ ಜಗಲಿಯೇ ರಿಂಗು. ನಾನು ಬ್ರೆಟ್, ತಮ್ಮ ಓವನ್. ಟಿವಿಯಲ್ಲಿ "ಇದನ್ನು ಮನೆಯಲ್ಲಿ ಮಾಡಬೇಡಿ" ಎನ್ನುತ್ತಿದ್ದದ್ದು ಬೇರೆಯವರ ಮನೆಗೆ ಎಂದುಕೊಂಡಿದ್ದೆವು. ಕೆಳಗೆ ಅಂಗಳದಲ್ಲಿ ಅತ್ತೆ ಬಿಸಿಲಿಗೆ ಹಾಕಿದ್ದ ಹಾಸಿಗೆ. ನಾನು ತಮ್ಮನನ್ನು ಸೊಂಟಕ್ಕೆ ಹಿಡಿದು ಎತ್ತಿದೆ. ಮೇಲೆತ್ತುವುದು ಹೇಗೆಂದು ನೋಡಿ ಕಲಿತಿದ್ದೆ. ಕೆಳಗಿಳಿಸುವುದನ್ನು ನೋಡಿಯೇ ಇರಲಿಲ್ಲ. ಅವನು ಹಾಸಿಗೆಯ ಅಂಚಿಗೆ ತಗುಲಿ ಕಲ್ಲುಚಪ್ಪಡಿಯ ಮೇಲೆ ಬಿದ್ದ. ಬಲಗೈ ಮುಂಗೈ ಬಳಿ ಮುರಿಯಿತು.

ಆರು ವಾರ ಹಿಟ್ಟಿನ ಕಟ್ಟು. ಅಪ್ಪ ಕೇಬಲ್ ಕಿತ್ತುಹಾಕುತ್ತೇನೆಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಕೂತು ಅಳುತ್ತಿದ್ದೆ. ಯಾರ ಬೈಗುಳವೂ ತಮ್ಮನ ಆ ಒಂದು ಕೂಗಿನಷ್ಟು ನೋಯಿಸಲಿಲ್ಲ.

ತಾತ ಮಾತ್ರ ಬೈಯಲಿಲ್ಲ. ಅವರು ವಯಸ್ಸಿನಲ್ಲಿ ಪೇಟೆಯ ಗರಡಿಯೊಂದರಲ್ಲಿ ಸಾಮು ಮಾಡಿದವರು. ಒಮ್ಮೆ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ, ಹೊಸ್ತಿಲ ಆಚೆಯಿಂದಲೇ ನೋಡಿದೆ. ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ, ನಡುವೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ. ಎದುರಾಳಿಯ ಬೆನ್ನು ಆ ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿದಂತೆ. ಮೈಸೂರಿನ ದಸರಾ ಕುಸ್ತಿಯ ಜೋಡಿಗಳ ಬಗ್ಗೆ ತಾತ ಗಂಟೆಗಟ್ಟಲೆ ಹೇಳುತ್ತಿದ್ದರು. ಟಿವಿಯ ಕುಸ್ತಿ ಕಂಡರೆ ಮಾತ್ರ "ಇದೇನು ಕುಸ್ತಿಯೇ, ಕುಣಿತ" ಎಂದು ಮೂಗು ಮುರಿಯುತ್ತಿದ್ದರು. ಆದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಮುಂದಿನ ವಾರ ತಾತ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಇವತ್ತು ಮುಖ ನೋಡಬೇಡ ಮಗೂ. ಎತ್ತಿದವನ ಕೈ ನೋಡು" ಎಂದರು.

ನೋಡಿದೆ. ಎತ್ತಿದವನ ಒಂದು ಕೈ ಎದುರಾಳಿಯ ಬೆನ್ನಿನ ಕೆಳಗೆ ಇತ್ತು. ಎತ್ತಿಸಿಕೊಳ್ಳುವವನು ತಾನೂ ಸ್ವಲ್ಪ ಜಿಗಿದು ಸಹಾಯ ಮಾಡುತ್ತಿದ್ದ. ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು, ತಲೆ ತಾಗದಂತೆ, ಬೆನ್ನಿನ ಮೇಲ್ಭಾಗವನ್ನೂ ಎರಡು ಕೈಗಳನ್ನೂ ಒಟ್ಟಿಗೆ ನೆಲಕ್ಕೆ ಬಡಿಯುತ್ತಿದ್ದ. ಪೆಟ್ಟು ಅಷ್ಟಗಲಕ್ಕೆ ಹಂಚಿಹೋಗುತ್ತಿತ್ತು. ಆ ರಿಂಗಿನ ನೆಲ ಹಾಸಿಗೆಯಲ್ಲ. ಉಕ್ಕಿನ ತೊಲೆ, ಮೇಲೆ ಮರದ ಹಲಗೆ, ತೆಳ್ಳನೆಯ ಸ್ಪಂಜು, ಕ್ಯಾನ್ವಾಸ್ ಬಟ್ಟೆ, ಅಷ್ಟೇ.

"ಗೆಲ್ಲೋದು ಯಾರು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ. ಬೀಳೋದನ್ನ ಮಾತಾಡಿಕೊಳ್ಳೋಕೆ ಆಗಲ್ಲ ಕಣಮ್ಮ, ಬೀಳಲೇಬೇಕು" ಎಂದರು ತಾತ. "ಎತ್ತೋದು ಯಾವ ಗೂಳಿಗೂ ಬರುತ್ತೆ. ಜೋಪಾನವಾಗಿ ಇಳಿಸೋನೇ ಪೈಲ್ವಾನ. ನಮ್ಮ ಗರಡೀಲೂ ಮೊದಲು ಕಲಿಸ್ತಾ ಇದ್ದದ್ದು ಬೀಳೋದನ್ನ."

ಮೊದಲೇ ಮಾತಾಡಿಕೊಂಡಿರುತ್ತಾರೆಯೇ! ಕೈ ಮುರಿದದ್ದಕ್ಕಿಂತ ಅದು ದೊಡ್ಡ ಆಘಾತ. ನನ್ನ ಬ್ರೆಟ್ ಹಾರ್ಟ್ ಸುಳ್ಳೇ? ಎರಡು ವಾರ ನಾನು ಟಿವಿ ಮುಂದೆ ಕೂರಲಿಲ್ಲ. ದೊಡ್ಡವಳಾದ ಮೇಲೆ ಓದಿ ನಗು ಬಂತು. 1989ರಲ್ಲೇ ಆ ಕಂಪನಿಯವರು ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಇದು ಕ್ರೀಡೆಯಲ್ಲ, ಮನರಂಜನೆ ಎಂದು ತಾವೇ ಒಪ್ಪಿಕೊಂಡಿದ್ದರು. ಕ್ರೀಡೆ ಎಂದರೆ ಕ್ರೀಡಾ ಆಯೋಗದ ಕಟ್ಟುಪಾಡುಗಳಿಗೆ ಒಳಪಡಬೇಕಲ್ಲ! ಆ ಸುದ್ದಿ ಶೇಷಾದ್ರಿಪುರದ ನಮ್ಮ ಬೀದಿಗೆ ತಲುಪಿರಲಿಲ್ಲ, ಅಷ್ಟೇ.

ಮೂರನೆಯ ವಾರ ಮತ್ತೆ ಚಾಪೆಯ ಮೇಲಿದ್ದೆ. ಪಕ್ಕದಲ್ಲಿ ಕಟ್ಟು ಹಾಕಿಕೊಂಡ ತಮ್ಮ. ಈಗ ನೋಡುವ ಬಗೆ ಬೇರೆಯಾಗಿತ್ತು. ಯಾರು ಗೆದ್ದರು ಎನ್ನುವುದಕ್ಕಿಂತ ಯಾರು ಯಾರನ್ನು ಹೇಗೆ ಕಾಪಾಡಿದರು ಎಂದು ಹುಡುಕುತ್ತಿದ್ದೆವು. "ತಾತ, ಕೈ ನೋಡಿದ್ರಾ? ತಲೆ ಹಿಡಿದುಕೊಂಡ!" ಎಂದು ತಮ್ಮನೇ ಕೂಗುತ್ತಿದ್ದ.

1999ರ ಮೇ 23ರಂದು ಕನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್‌ನನ್ನು ಛಾವಣಿಯಿಂದ ಹಗ್ಗದಲ್ಲಿ ರಿಂಗಿಗೆ ಇಳಿಸಬೇಕಿತ್ತು. ಕೊಂಡಿ ಬಿಚ್ಚಿಕೊಂಡಿತು. ಅವನು ಬಿದ್ದು ತೀರಿಕೊಂಡ. ಸುದ್ದಿ ಕೇಳಿದಾಗ ಇದೂ ಕಥೆಯ ಭಾಗವಿರಬೇಕು, ಮುಂದಿನ ವಾರ ಎದ್ದು ಬರುತ್ತಾನೆ ಎಂದೇ ಅಂದುಕೊಂಡೆವು. ಬರಲಿಲ್ಲ. ಓವನ್ ಆಗಿ ಜಗಲಿಯ ಮೇಲೆ ಕುಣಿದ ನನ್ನ ತಮ್ಮ, ಆಗ ಹನ್ನೆರಡರ ಹುಡುಗ, ಅಂದು ಊಟ ಮಾಡಲಿಲ್ಲ. ತಾತ ಅವನ ಬಲಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ತಾತ ಹೋದ ಮೇಲೆ ಕುರ್ಚಿ ಖಾಲಿಯಿತ್ತು. ಅದರಲ್ಲಿ ಅತ್ತೆ ಬಂದು ಕೂತದ್ದು 2007ರಲ್ಲಿ. ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ, ಅಂದರೆ ಗ್ರೇಟ್ ಖಲಿ, ಆ ಜುಲೈನಲ್ಲಿ ಚಾಂಪಿಯನ್ ಆದ. "ನಮ್ಮ ದೇಶದ ಹುಡುಗನಂತೆ, ನೋಡೋಣ" ಎಂದು ಕೂತವರು ಆಮೇಲೆ ಏಳಲೇ ಇಲ್ಲ. 2017ರಲ್ಲಿ ಹರಿಯಾಣದ ಕವಿತಾ ದೇವಿ ಸಲ್ವಾರ್ ಕಮೀಜ್ ತೊಟ್ಟು ಅದೇ ಕಂಪನಿಯ ರಿಂಗಿಗೆ ಇಳಿದು ಎದುರಾಳಿಯನ್ನು ತಲೆಯ ಮೇಲೆತ್ತಿದಾಗ ಅತ್ತೆ ನನಗೆ ಫೋನ್ ಮಾಡಿ, "ಗರಡಿ ಹೊಸ್ತಿಲಾಚೆ ನಿಲ್ಲಿಸಿದ್ರಲ್ಲ ನಿನ್ನ, ಈಗ ನೋಡು ಬಾ" ಎಂದರು.

ಈ ಶನಿವಾರ ನಾವು ತಲುಪಿದಾಗ ಅತ್ತೆ ತಟ್ಟೆಯಲ್ಲಿ ಚಕ್ಕುಲಿ ಹಾಕಿಟ್ಟು ಕಾಯುತ್ತಿದ್ದರು. ಶೋ ಶುರುವಾಯಿತು. ಮೋಸಗಾರ ರೆಫ್ರಿಯ ಕಣ್ಣು ತಪ್ಪಿಸಿ ಕುರ್ಚಿ ಎತ್ತಿದ. "ಹಿಂದೆ ನೋಡೋ ಮುಠ್ಠಾಳ, ಹಿಂದೆ!" ಎಂದು ಅತ್ತೆ. ರೆಫ್ರಿ ಒಂದು, ಎರಡು ಎಣಿಸಿದ. ಮೂರಕ್ಕೆ ಮೊದಲು ಕೆಳಗಿದ್ದವನು ಭುಜ ಎತ್ತಿದ. ಮಗ ಸೋಫಾದಿಂದ ಹಾರಿದ. ಚಕ್ಕುಲಿ ನೆಲದ ಪಾಲು.

ಜಾಹೀರಾತಿನ ನಡುವೆ ಮಗ ಕೇಳಿದ: "ಅಜ್ಜಿ, ನಮ್ಮ ಕ್ಲಾಸಲ್ಲಿ ಎಲ್ಲಾ ಇದು ಸುಳ್ಳು ಅಂತಾರೆ. ಹೌದಾ?"

ನನ್ನ ಎದೆ ಒಂದು ಕ್ಷಣ ಹಳೆಯ ಚಾಪೆಗೆ ಹೋಗಿಬಂತು. ಅತ್ತೆ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ನಾವು ಚಿಕ್ಕವರಿದ್ದಾಗ ಕಂಪನಿ ನಾಟಕಕ್ಕೆ ಹೋಗ್ತಾ ಇದ್ವಿ ಪುಟ್ಟ. ಭೀಮ ಕೀಚಕನ್ನ ಕೊಲ್ತಾನೆ ಅಂತ ಟಿಕೆಟ್ ತಗೊಳ್ಳೋವಾಗಲೇ ಗೊತ್ತು. ಆದ್ರೂ ದ್ರೌಪದಿ ಅತ್ತಾಗ ಅಳ್ತಾ ಇದ್ವಿ. ಆ ಅಳು ಸುಳ್ಳಾ? ಇನ್ನು ಇವರ ಬೆನ್ನಿಗೆ ಬೀಳೋ ಪೆಟ್ಟಂತೂ ಸುಳ್ಳಲ್ಲ. ನಿಮ್ಮ ಮಾವನ ಕೈ ಕೇಳು, ಹೇಳುತ್ತೆ."

ಮಾವನ ಕೈಯ ಕಥೆ ಮಗನಿಗೆ ಗೊತ್ತು. ಮಳೆ ಬಂದರೆ ಇವತ್ತಿಗೂ ಆ ಮಣಿಕಟ್ಟು ನೋಯುತ್ತದೆ. ಪ್ರತಿ ರಾಖಿಗೆ ಅದೇ ಕೈ ಮುಂದೆ ಚಾಚಿ "ಮೆಲ್ಲಗೆ ಕಟ್ಟೇ ಬ್ರೆಟ್" ಎನ್ನುತ್ತಾನೆ.

ಸಂಜೆ ನಮ್ಮನ್ನು ಬೀಳ್ಕೊಡಲು ಅತ್ತೆ ಜಗಲಿಗೆ ಬಂದರು. ಅಂಗಳಕ್ಕೆ ಮೂರು ಮೆಟ್ಟಿಲು. ಕಲ್ಲು ಸವೆದು ನುಣುಪಾಗಿದೆ, ಅತ್ತೆಗೆ ಮಂಡಿನೋವು. ನಾನು ಚಪ್ಪಲಿ ಹಾಕಿಕೊಂಡು ತಿರುಗುವಷ್ಟರಲ್ಲಿ ಮಗ ಒಂದು ಮೆಟ್ಟಿಲು ಕೆಳಗೆ ನಿಂತಿದ್ದ. ಒಂದು ಕೈ ಅವರ ಮೊಣಕೈ ಕೆಳಗೆ, ಇನ್ನೊಂದು ಬೆನ್ನಿನ ಹಿಂದೆ.

"ಮೆಲ್ಲಗೆ ಅಜ್ಜಿ. ಒಂದು... ಎರಡು..."

"ಮೂರು ಎಣಿಸಬೇಡ್ವೋ, ಸೋತುಬಿಡ್ತೀನಿ!" ಎಂದು ಅತ್ತೆ ನಕ್ಕರು. ನಗುತ್ತಲೇ ಮೂರನೆಯ ಮೆಟ್ಟಿಲು ಇಳಿದರು.