ಹನ್ನೊಂದು ತಿಂಗಳ ಸಿನಿಮಾ

ಪುಣೆಗೆ ಕೆಲಸಕ್ಕೆಂದು ಬಂದವರು ಮರಾಠಿ ಕಲಿಯುವ ಮೊದಲೇ ಕಲಿಯುವ ಮಾತು ಒಂದಿದೆ: ‘ಲೀವ್ ಅಂಡ್ ಲೈಸೆನ್ಸ್’. ಮಹಾರಾಷ್ಟ್ರದ ಶಹರಗಳಲ್ಲಿ ನಮಗೆ ಮನೆ ಸಿಗುವುದು ಈ ಹೆಸರಿನ ಕರಾರಿನ ಮೇಲೆ, ಅದೂ ಸಾಮಾನ್ಯವಾಗಿ 11 ತಿಂಗಳಿಗೆ. ಇದಕ್ಕೂ ನಮ್ಮೂರಿನ ಬಾಡಿಗೆಗೂ ಏನು ವ್ಯತ್ಯಾಸ ಎಂದು ಮೊದಲ ಸಲ ಏಜೆಂಟನನ್ನು ಕೇಳಿದ್ದೆ. ಬಾಡಿಗೆದಾರನಿಗೆ ಮನೆಯ ಮೇಲೆ ಒಂದಿಷ್ಟು ಹಕ್ಕು ಹುಟ್ಟುತ್ತದೆ, ಲೈಸೆನ್ಸಿನವನಿಗೆ ಅದಿಲ್ಲ, ಅವನಿಗಿರುವುದು ಇರಲು ಅನುಮತಿ ಅಷ್ಟೆ ಎಂದು ಅವನು ಬಿಡಿಸಿ ಹೇಳಿದ. 1882ರ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದ ಬಂದ ಭೇದವಿದು. ಮಾಲೀಕನಿಗೆ ಇದರಿಂದ ನೆಮ್ಮದಿ. ನಮಗೆ 11 ತಿಂಗಳಿಗೊಮ್ಮೆ ಎದೆಬಡಿತ.

ಹೀಗೆ ಅನುಮತಿಯ ಮೇಲೆ ಇದುವರೆಗೆ ಆರು ಮನೆ ಬದಲಿಸಿದ್ದೇವೆ. ಪ್ರತಿ ಸಲ ಸಾಮಾನು ಕಟ್ಟುವಾಗಲೂ ಒಂದು ರಟ್ಟಿನ ಪೆಟ್ಟಿಗೆಯ ಮುಂದೆ ಚರ್ಚೆ ನಿಲ್ಲುತ್ತದೆ. ಅದರಲ್ಲಿರುವುದು ಕನ್ನಡ ಸಿನಿಮಾಗಳ ವಿಸಿಡಿ, ಡಿವಿಡಿಗಳು, ಹೆಚ್ಚು ಕಡಿಮೆ 130. “ಮೂರು ಆ್ಯಪಿಗೆ ರೊಕ್ಕಾ ಕಟ್ಟತೀರಿ. ಇದನ್ನ ಇನ್ನೂ ಎಷ್ಟ ಮನಿಗೆ ಹೊರಸ್ತೀರಿ?” ಎಂದು ನನ್ನ ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ನಮ್ಮ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಹಾಕುವ ತಟ್ಟೆಯೇ ಇಲ್ಲ. ಗುಜರಿಯವನೂ ಇವನ್ನು ಕಿಲೋ ಲೆಕ್ಕದಲ್ಲಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾನೆ.

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವ್ವ ಹುಬ್ಬಳ್ಳಿ ಬಿಟ್ಟು ನಮ್ಮೊಡನೆ ಇರಲು ಬಂದ ಮೇಲೆ. ಸ್ಮಾರ್ಟ್ ಟಿವಿಯ ರಿಮೋಟನ್ನು ಅವಳು ಒಂದು ವಾರದಲ್ಲಿ ಕಲಿತಳು. ಒಂದು ರಾತ್ರಿ ಆ್ಯಪಿನಲ್ಲಿ ‘ಕಸ್ತೂರಿ ನಿವಾಸ’ ಹಚ್ಚಿಕೊಂಡು, ಅರ್ಧಕ್ಕೆ ನಿದ್ದೆ ಬಂತೆಂದು ಆರಿಸಿ ಮಲಗಿದಳು. ಮರುದಿನ ಸಂಜೆ ನೋಡಿದರೆ ಸಿನಿಮಾ ಇಲ್ಲ. ಹೆಸರು ಹೊಡೆದು ಹುಡುಕಿದರೆ ಬೇರೆ ಯಾವುದೋ ಚಿತ್ರಗಳ ಸಾಲು.

“ನಿನ್ನಿ ಅರ್ಧಾ ನೋಡೇನಿ. ಇವತ್ತ ಎಲ್ಲಿ ಹೋತೋ?”

“ಅವರ ಕರಾರು ಮುಗದಿರಬೇಕವ್ವಾ.”

“ನಾವು ರೊಕ್ಕಾ ಕೊಟ್ಟಿಲ್ಲೇನು?”

“ಕೊಟ್ಟೇವಿ.”

“ಮತ್ತ?”

ಆ ‘ಮತ್ತ?’ ನನ್ನನ್ನು ಬಹಳ ದಿನ ಕಾಡಿತು. ನಿರ್ಮಾಪಕ ತನ್ನ ಚಿತ್ರದ ಹಕ್ಕನ್ನು ಇಂತಿಷ್ಟು ವರ್ಷಕ್ಕೆಂದು ಮಾರುತ್ತಾನೆ. ಆ ಅವಧಿ ತೀರಿದರೆ ಚಿತ್ರ ಬೇರೆ ಕಡೆ ಹೋಗುತ್ತದೆ, ಇಲ್ಲವೇ ಎಲ್ಲಿಯೂ ಹೋಗದೆ ಸುಮ್ಮನೆ ಕಾಣದಾಗುತ್ತದೆ. ಆ್ಯಪಿನವನೂ ಲೀವ್ ಅಂಡ್ ಲೈಸೆನ್ಸಿನವನೇ. ನಾವು ಅವನ ಮನೆಯಲ್ಲಿ ಪೇಯಿಂಗ್ ಗೆಸ್ಟು. ತಿಂಗಳ ಚಂದಾ ಬಿಟ್ಟು ‘ಖರೀದಿಸಿ’ ಎಂಬ ಗುಂಡಿ ಒತ್ತಿದರೂ ಸ್ಥಿತಿ ಬಹಳ ಬದಲಾಗುವುದಿಲ್ಲ. ಆ ಗುಂಡಿಯ ಹಿಂದಿರುವುದೂ ಲೈಸೆನ್ಸೇ. ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳದೆ ‘ಖರೀದಿ’ ಎಂಬ ಪದ ಬಳಸಬಾರದು ಎಂದು ಕ್ಯಾಲಿಫೋರ್ನಿಯಾ ಒಂದು ಕಾನೂನನ್ನೇ ಮಾಡಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಮಾರಿದ್ದನ್ನು ವಾಪಸು ಎಳೆದುಕೊಂಡ ಉದಾಹರಣೆ ಅದಕ್ಕೂ ಹಳೆಯದು. 2009ರಲ್ಲಿ ಅಮೆಜಾನ್ ತನ್ನ ಕಿಂಡಲ್ ಗಿರಾಕಿಗಳು ಕೊಂಡಿದ್ದ ಒಂದು ಪುಸ್ತಕದ ಪ್ರತಿಗಳನ್ನು ಅವರ ಯಂತ್ರಗಳೊಳಗಿಂದಲೇ ಅಳಿಸಿತ್ತು. ಆ ಪುಸ್ತಕ ಜಾರ್ಜ್ ಆರ್ವೆಲ್‌ನ ‘1984’.

ಆ ಸಂಜೆ ಪೆಟ್ಟಿಗೆ ಬಿಚ್ಚಿದೆ. ‘ಕಸ್ತೂರಿ ನಿವಾಸ’ ಇತ್ತು, ಮೂರು ಡಿಸ್ಕು. ಹಳೆಯ ಪ್ಲೇಯರು ಒಂದೆರಡು ಸಲ ಕೆಮ್ಮಿ ಓಡಿತು. ಅವ್ವ ಎರಡನೆಯ ಡಿಸ್ಕಿನಿಂದ ಮುಂದುವರಿಸಿದಳು.

ಡಿಸ್ಕು ಕೂಡಿಡುವ ಅಮೆರಿಕದವರ, ಯುರೋಪಿನವರ ವಾದಗಳನ್ನು ನಾನು ಆಸಕ್ತಿಯಿಂದ ಓದುತ್ತೇನೆ. ಅವರು ಹೆಚ್ಚಾಗಿ ಮಾತಾಡುವುದು ಚಿತ್ರದ ಗುಣಮಟ್ಟದ ಬಗ್ಗೆ. 4ಕೆ ಡಿಸ್ಕಿನಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಮಾಹಿತಿ ಹರಿಯಬಲ್ಲದು. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಗಳಿಗೆ 15 ಮೆಗಾಬಿಟ್ ವೇಗದ ಸಂಪರ್ಕ ಸಾಕೆನ್ನುತ್ತದೆ. ಕತ್ತಲೆಯ ದೃಶ್ಯಗಳಲ್ಲಿ, ಮಳೆಯಲ್ಲಿ, ಹೊಗೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮಾತು ನಿಜ. ಆದರೆ ನನ್ನ ಪೆಟ್ಟಿಗೆಗೆ ಅದು ಹೊಂದುವುದಿಲ್ಲ. ಅದರಲ್ಲಿ ಕನ್ನಡದ ಒಂದೇ ಒಂದು ಬ್ಲೂ-ರೇ ಇಲ್ಲ. ಇರುವುದರಲ್ಲಿ ಮುಕ್ಕಾಲು ಪಾಲು ವಿಸಿಡಿ. ಅದು 1993ರ ತಂತ್ರ. ನಮ್ಮ ಕಡೆಯ ಡಿಸ್ಕಿನ ಚಿತ್ರ 352 ಅಡ್ಡ ಚುಕ್ಕಿ, 288 ಉದ್ದ ಚುಕ್ಕಿ. ಈಗಿನ ಟಿವಿಯಲ್ಲಿ ಹಾಕಿದರೆ ರಾಜಕುಮಾರರ ಮುಖ ಒದ್ದೆ ಗಾಜಿನ ಆಚೆ ನಿಂತಂತೆ ಕಾಣುತ್ತದೆ. ಒಂದು ಡಿಸ್ಕಿಗೆ ಹಿಡಿಸುವುದು ಸುಮಾರು 74 ನಿಮಿಷ. ಹಾಗಾಗಿ ಎರಡೂಮುಕ್ಕಾಲು ಗಂಟೆಯ ಹಳೆಯ ಚಿತ್ರಕ್ಕೆ ಮೂರು ಡಿಸ್ಕು ಬೇಕು. ನಮ್ಮ ಮನೆಯಲ್ಲಿ ಇಂಟರ್‌ವಲ್ ನಿರ್ದೇಶಕ ಹೇಳಿದಲ್ಲಿ ಬರುತ್ತಿರಲಿಲ್ಲ, ಡಿಸ್ಕು ಮುಗಿದಲ್ಲಿ ಬರುತ್ತಿತ್ತು. ಒಬ್ಬರು ಎದ್ದು ಡಿಸ್ಕು ಬದಲಿಸಬೇಕು, ಎದ್ದವರೇ ಚಹಾಕ್ಕೂ ಇಡಬೇಕು ಎಂಬುದು ನಿಯಮ.

ಚಿತ್ರ ಚೆನ್ನಾಗಿ ಕಾಣುತ್ತಿತ್ತು ಎಂದಲ್ಲ, ಕೈಗೆ ಸಿಗುತ್ತಿತ್ತು ಎಂದೇ ನಾವು ಕೊಂಡಿದ್ದು. 2005ರಲ್ಲಿ ನಾನು ಪುಣೆಗೆ ಬಂದಾಗ ಇಲ್ಲಿ ಕನ್ನಡ ಸಿನಿಮಾ ನೋಡುವುದೆಂದರೆ ಹುಬ್ಬಳ್ಳಿಯ ರಾತ್ರಿ ಬಸ್ಸಿನ ವಿಡಿಯೋ. ಹತ್ತೂವರೆಗೆ ಕ್ಲೀನರ್ ದೀಪ ಆರಿಸುವಾಗ ಅದನ್ನೂ ಆರಿಸಿಬಿಡುತ್ತಿದ್ದ. ಎಷ್ಟೋ ಚಿತ್ರಗಳ ಕ್ಲೈಮ್ಯಾಕ್ಸ್ ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಊರಿನಿಂದ ಹೊರಡುವ ದಿನ ಕೊಪ್ಪೀಕರ ರಸ್ತೆಗೆ ಹೋಗಿ ಡಿಸ್ಕು ತರುವ ರೂಢಿ ಬಿದ್ದದ್ದು ಹೀಗೆ. ನೋಯ್ಡಾದ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಳಿಸಿದ ದಿನಗಳವು. ಖಾಲಿ ಡಿಸ್ಕು ತಯಾರಿಸುತ್ತಿದ್ದ ಕಂಪನಿ ಹತ್ತಾರು ಭಾಷೆಗಳ ಹಳೆಯ ಚಿತ್ರಗಳ ಹಕ್ಕು ಕೊಂಡು ರಾಶಿರಾಶಿಯಾಗಿ ಒತ್ತಿ ಮಾರಿತು. ನಕಲಿ ಡಿಸ್ಕಿನ ಬೆಲೆಗೆ ಅಸಲಿ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿಯ ಜೊತೆ ನಾಲ್ಕೈದು ಸಿನಿಮಾಗಳೂ ಚೀಲದಲ್ಲಿ ಪುಣೆಗೆ ಬರುತ್ತಿದ್ದವು. ಆ ಅಂಗಡಿಯೂ ಈಗಿಲ್ಲ, ಆ ಬೆಲೆಗೆ ಮಾರುವ ಕಂಪನಿಯೂ ಇಲ್ಲ. ಮುಂಬಯಿಯ ಕಾಲಾ ಘೋಡಾದಲ್ಲಿದ್ದ ಹೆಸರಾಂತ ರಿದಮ್ ಹೌಸ್ ಕೂಡ 2016ರಲ್ಲಿ ಮುಚ್ಚಿತು. ಅಂಚೆಯಲ್ಲಿ ಡಿಸ್ಕು ಕಳಿಸುತ್ತಲೇ ಹುಟ್ಟಿದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಕೆಲಸ ನಿಲ್ಲಿಸಿತು.

ಕೈಯಲ್ಲಿರುವ ಪ್ರತಿಗೆ ಇನ್ನೊಂದು ಗುಣವಿದೆ. ಅದು ತನ್ನಷ್ಟಕ್ಕೆ ಬದಲಾಗುವುದಿಲ್ಲ. ‘ಕಸ್ತೂರಿ ನಿವಾಸ’ 1971ರ ಕಪ್ಪು-ಬಿಳುಪು ಚಿತ್ರ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಥಿಯೇಟರಿಗೆ ತಂದರು, ಜನ ಮುಗಿಬಿದ್ದು ನೋಡಿದರು, ಸಂತೋಷ. ಆದರೆ ಅವ್ವ ಹುಡುಗಿಯಾಗಿದ್ದಾಗ ನೋಡಿದ್ದು ಬಣ್ಣವಿಲ್ಲದ್ದನ್ನು. ಕೊಡುಗೈ ಮನೆತನವೊಂದು ಬರಿದಾಗುವ ಆ ಕಥೆಗೆ ಬೂದು ನೆರಳೇ ಸರಿ ಎಂಬುದು ಅವಳ ಅಭಿಪ್ರಾಯ. ಬಣ್ಣದ್ದು ಬೇಕಾದವರಿಗೆ ಬಣ್ಣದ್ದು, ಬೇಡದವರಿಗೆ ಹಳೆಯದು ಎರಡೂ ಉಳಿಯಬೇಕಾದರೆ ಯಾರದಾದರೂ ಮನೆಯಲ್ಲಿ ಹಳೆಯದು ಇರಲೇಬೇಕು. ಅದೇ 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರಕ್ಕೆ 2023ರಲ್ಲಿ ಏನಾಯಿತು ನೋಡಿ. ಸ್ಟ್ರೀಮಿಂಗಿನಲ್ಲಿ ನೋಡಿದವರಿಗೆ ಒಂದು ಕಡೆ ಸಣ್ಣ ಕತ್ತರಿ ಬಿದ್ದದ್ದು ಗೊತ್ತಾಯಿತು. ನಾಯಕನ ಬಾಯಲ್ಲಿ ಜನಾಂಗ ನಿಂದನೆಯ ಮಾತು ಬರುವ ದೃಶ್ಯವದು. ಆ ಮಾತು ಕೆಟ್ಟದ್ದೇ, ಪಾತ್ರವೂ ಅಂಥದ್ದೇ. ಕತ್ತರಿ ಬಿದ್ದಿದೆ ಎಂದು ಹೇಳಲು ಸಾಧ್ಯವಾದದ್ದು ಹಳೆಯ ಡಿಸ್ಕುಗಳು ಜನರ ಮನೆಯಲ್ಲಿದ್ದುದರಿಂದ. ನಮ್ಮಲ್ಲೇ ತಮಿಳಿನ ‘ಅನ್ನಪೂರಣಿ’ ಇದೆ. ದೂರುಗಳು ಬಂದವೆಂದು 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸಿನಿಂದ ತೆಗೆದರು. ಸೆನ್ಸಾರ್ ಆಗಿ ಥಿಯೇಟರಿನಲ್ಲಿ ಓಡಿದ ಚಿತ್ರ, ಬಂದು ಎರಡು ವಾರವಾಗುವಷ್ಟರಲ್ಲಿ ಎಲ್ಲರ ಟಿವಿಯಿಂದಲೂ ಒಟ್ಟಿಗೆ ಮಾಯ.

ಇದನ್ನೆಲ್ಲ ಪುಣೆಯಲ್ಲಿ ಕೂತು ಯೋಚಿಸುವುದಕ್ಕೆ ಒಂದು ಅರ್ಥವಿದೆ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇರುವುದು ಇಲ್ಲಿಯ ಲಾ ಕಾಲೇಜ್ ರಸ್ತೆಯಲ್ಲಿ. 1964ರಲ್ಲಿ ಶುರುವಾದದ್ದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಮೂಲ ಕ್ಯಾಮೆರಾ ನೆಗೆಟಿವ್ ಇಲ್ಲಿ ಉಳಿದಿತ್ತು. ಉಳಿದದ್ದರಿಂದಲೇ ಅದನ್ನು 4ಕೆಯಲ್ಲಿ ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಆಯಿತು. ಉಳಿಯದ್ದರ ಕಥೆಯೂ ಇಲ್ಲಿಗೆ ಹತ್ತಿರದ್ದೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಿಡುಗಡೆಯಾದದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ನಾವು ಊರಿಗೆ ಹೋಗುವಾಗ ಬಸ್ಸು ಆ ಊರಿನ ಪಕ್ಕದಲ್ಲೇ ಹಾಯುತ್ತದೆ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಮನೆ ಬಿಟ್ಟು ಹೊರಟ ಕನ್ನಡಿಗರ ಒಂದು ತಂಡ ಪರಊರಿನಲ್ಲಿ ತಿಂಗಳುಗಟ್ಟಲೆ ದುಡಿದು ಮಾಡಿದ ಚಿತ್ರ, ಈಗ ಕೆಲವು ಫೋಟೋ, ಕೆಲವು ಜಾಹೀರಾತು. 2003ರ ಜನವರಿಯಲ್ಲಿ ಇದೇ ಪುಣೆಯಲ್ಲಿ ಸಂಗ್ರಹಾಲಯದ ನೈಟ್ರೇಟ್ ಫಿಲ್ಮುಗಳ ಕೋಣೆಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಭಾರತೀಯ ಚಿತ್ರಗಳ ಪ್ರತಿಗಳು ಸುಟ್ಟವು.

ಒಂದೇ ಕಡೆ ಇಟ್ಟದ್ದು ಒಂದೇ ಸಲಕ್ಕೆ ಹೋಗುತ್ತದೆ. ನನ್ನ 28 ರೂಪಾಯಿಯ ವಿಸಿಡಿಯನ್ನು ಸಂಗ್ರಹಾಲಯದ ನೆಗೆಟಿವಿಗೆ ಹೋಲಿಸುವಷ್ಟು ಹುಚ್ಚು ನನಗಿಲ್ಲ. ಆದರೆ ಬೀದರಿನಲ್ಲಿ ಒಂದು, ಬೊರಿವಲಿಯಲ್ಲಿ ಒಂದು, ಸಿಕಂದರಾಬಾದಿನಲ್ಲಿ ಒಂದು ಎಂದು ಸಾವಿರಾರು ಮನೆಗಳಲ್ಲಿ ಚದುರಿದ ಪ್ರತಿಗಳನ್ನು ಯಾರೂ ಒಂದು ಗುಂಡಿ ಒತ್ತಿ ಅಳಿಸಲಾರರು.

ನನಗೆ ನಿಜವಾಗಿ ಚಿಂತೆಯಿರುವುದು ಈಚಿನ ಸಣ್ಣ ಚಿತ್ರಗಳ ಬಗ್ಗೆ. ದೊಡ್ಡ ಚಿತ್ರಗಳನ್ನು ಯಾರಾದರೂ ಕೊಂಡೇ ಕೊಳ್ಳುತ್ತಾರೆ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ ‘ಏಕಂ’ ಸರಣಿಯನ್ನೇ ಕೊಳ್ಳುವವರು ಸಿಗದೆ 2024ರಲ್ಲಿ ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯಿತು. ಹೆಸರಿರುವವರ ಪಾಡು ಇದಾದರೆ, ಎರಡು ವಾರ ಓಡಿ ಇಳಿದ ಹೊಸಬರ ಚಿತ್ರದ ಗತಿ ಏನು? ಡಿಸ್ಕಿನ ಕಾಲದಲ್ಲಾದರೆ ಸೋತ ಚಿತ್ರವೂ ಹುಬ್ಬಳ್ಳಿಯ ಅಂಗಡಿಯ ಬುಟ್ಟಿಯಲ್ಲಿ ಬಿದ್ದಿರುತ್ತಿತ್ತು. ಯಾರೋ ಒಬ್ಬ ಬಸ್ಸಿಗೆ ಹೊತ್ತಿದೆಯೆಂದು ಕೆದಕುತ್ತ ಕೂತವ ಅದನ್ನು ಎತ್ತಿಕೊಳ್ಳುತ್ತಿದ್ದ. ಈಗ ಆ ಬುಟ್ಟಿಯೂ ಇಲ್ಲ, ಆ್ಯಪಿನಲ್ಲಿ ಜಾಗವೂ ಇಲ್ಲ.

ಡಿಸ್ಕು ಚಿರಂಜೀವಿ ಎಂದು ನಾನು ಹೇಳುತ್ತಿಲ್ಲ. ಒಳಗಿನ ಅಲ್ಯುಮಿನಿಯಂ ಪದರಕ್ಕೆ ಗಾಳಿ ತಾಗಿದರೆ ಮಸುಕಾಗುತ್ತದೆ. ಪುಣೆಯ ಮಳೆಗಾಲದಲ್ಲಿ ಕವರಿಗೆ ಬೂಷ್ಟು ಬರುತ್ತದೆ. ನಿಮ್ಮಲ್ಲೂ ಹಳೆಯವು ಇದ್ದರೆ ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಸುತ್ತ ಒರೆಸಬೇಡಿ. ಗೀರು ಬಿದ್ದರೂ ಅಡ್ಡ ಬಿದ್ದರೆ ಪ್ಲೇಯರು ದಾಟಿಕೊಂಡು ಹೋಗುತ್ತದೆ, ಸಾಲಿನುದ್ದಕ್ಕೆ ಬಿದ್ದರೆ ನಿಲ್ಲುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಡ್ರೈವು ಇನ್ನೂ ಸಿಗುತ್ತದೆ. ಸಿಗುವಾಗಲೇ ಒಂದು ತೆಗೆದಿಟ್ಟುಕೊಳ್ಳಿ.

ಆ ಡ್ರೈವು ಕೊಂಡ ಮೇಲೆ ನಮ್ಮ ಮನೆ ಸಣ್ಣ ಲೈಬ್ರರಿಯಾಗಿದೆ. ಹಿಂಜವಡಿಯ ಪಿಜಿಗಳಲ್ಲಿರುವ ರಾಯಚೂರು, ಶಿರಸಿ, ಚಾಮರಾಜನಗರದ ಹುಡುಗರು ಡಿಸ್ಕಿನ ಜೊತೆ ಡ್ರೈವನ್ನೂ ಒಯ್ಯುತ್ತಾರೆ. ಚಂದಾ ಕಟ್ಟಿದ ಆ್ಯಪನ್ನು ಹೀಗೆ ಕೊಡಲು ಬರುವುದಿಲ್ಲ. ಪಾಸ್‌ವರ್ಡ್ ಹಂಚಿದರೆ ‘ನೀವು ಒಂದೇ ಮನೆಯವರಾ?’ ಎಂದು ಅದು ಕೇಳುತ್ತದೆ. ರಾಯಚೂರಿನ ಹುಡುಗನೊಬ್ಬ ‘ಭೂತಯ್ಯನ ಮಗ ಅಯ್ಯು’ ಒಯ್ದಿದ್ದ. ಅವನ ರೂಮಿನಲ್ಲಿದ್ದ ಲಾತೂರಿನ ಹುಡುಗನೂ ನೋಡಲು ಕೂತನಂತೆ. ವಿಸಿಡಿಯಲ್ಲಿ ಸಬ್‌ಟೈಟಲ್ ಇಲ್ಲ. ಆ್ಯಪಿನ ದೊಡ್ಡ ಉಪಕಾರ ಅದೇ, ಒಪ್ಪಬೇಕು. ಇವನು ಪಕ್ಕದಲ್ಲಿ ಕೂತು ಇಡೀ ಚಿತ್ರವನ್ನು ಸಾಲುಸಾಲಾಗಿ ಹಿಂದಿಯಲ್ಲಿ ಹೇಳಿದನಂತೆ. ಡಿಸ್ಕು ತಿರುಗಿ ಕೊಡಲು ಬಂದಾಗ, “ಸರ್, ಕನ್ನಡ ಇಷ್ಟೊತ್ತು ಒಂದೇ ಸಮ ತಲಿಯಾಗ ಓಡಿ ಮೂರು ವರ್ಷ ಆಗಿತ್ತು” ಎಂದ.

ಕೊಟ್ಟದ್ದನ್ನು ಅವ್ವ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ಹೆಸರು, ತಾರೀಖು, ಎಷ್ಟು ಡಿಸ್ಕು. ಸದ್ಯ ಬಾಕಿಯಿರುವುದು ಒಂದೇ. ‘ಬಂಗಾರದ ಮನುಷ್ಯ’ ಒಯ್ದವರು ಡಬ್ಬಿ ತಂದುಕೊಟ್ಟರು, ಒಳಗೆ ಎರಡೇ ಡಿಸ್ಕು ಇದ್ದವು. ಮೂರನೆಯದು ವಾಕಡ್‌ನ ಅವರ ಪ್ಲೇಯರಿನಲ್ಲೇ ಉಳಿದಿರಬೇಕು. ಅವಸರವೇನಿಲ್ಲ, ಈ ಕಡೆ ಬಂದಾಗ ತನ್ನಿ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ರಾಜೀವ ಊರು ಬಿಟ್ಟು ಹೋಗಿಲ್ಲ, ಹೊಲದಲ್ಲೇ ಇದ್ದಾನೆ.